89,214 ಗಜಗಳ ಲೆಕ್ಕ: ಬ್ರೇಡಿ, ಮೂನ್ ಮತ್ತು ಎರಡು ದೇಶಗಳ ದಾಖಲೆ ಪುಸ್ತಕ

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಮೊಮ್ಮಗನ ಜೊತೆ ಕುಳಿತು ಅಲ್ಲಿನ ಫುಟ್‌ಬಾಲ್ ನೋಡುವ ರೂಢಿಯಾಯಿತು. ಊರಿಗೆ ಮರಳಿದ ಮೇಲೂ ಫೋನಿನಲ್ಲಿ ನಮ್ಮಿಬ್ಬರದು ಅದೇ ಮಾತು. ಚೆಂಡೆಸೆದು ಗಳಿಸುವ ಪಾಸಿಂಗ್ ಗಜಗಳ ದಾಖಲೆ ಟಾಮ್ ಬ್ರೇಡಿಯವರದು, 89,214 ಎಂದು ಅವನು ಹೇಳುತ್ತಾನೆ. ನಾನು ಓದಿದ ಒಂದು ಲೇಖನದಲ್ಲಿ ಬ್ರೇಡಿ ಲಕ್ಷ ಗಜ ದಾಟಿದ್ದಾರೆ ಎಂದಿತ್ತು. ವಾರನ್ ಮೂನ್ ಎಂಬ ಆಟಗಾರನ ಹೆಸರಿನ ಮುಂದೆ ಒಂದು ಪಟ್ಟಿಯಲ್ಲಿ 49,325, ಇನ್ನೊಂದರಲ್ಲಿ 70,553 ಎಂದಿದೆ. ಯಾವುದು ಸರಿ? ಹೆಚ್ಚು ಗಜ ಗಳಿಸಿದವರನ್ನೇ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ಅತ್ಯುತ್ತಮ ಎಸೆತಗಾರ, ಎನ್ನಬಹುದೇ? ಬ್ರೇಡಿ ದಾಖಲೆ ಮುರಿಯುವವರು ಯಾರಾದರೂ ಇದ್ದಾರೆಯೇ?

ಉತ್ತರ: ನೀವು ಕಂಡ ಅಂಕಿಗಳೆಲ್ಲವೂ ಸರಿಯೇ. ಒಂದೊಂದೂ ಒಂದೊಂದು ಪುಸ್ತಕದ ಲೆಕ್ಕ. ಮೊಮ್ಮಗ ಹೇಳುವ 89,214 ಎಂಬುದು ಎನ್‌ಎಫ್‌ಎಲ್‌ನ, ಅಂದರೆ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಿನ, ಅಧಿಕೃತ ದಾಖಲೆ. ಅದರಲ್ಲಿ ಲೀಗ್ ಹಂತದ ಪಂದ್ಯಗಳು ಮಾತ್ರ ಸೇರುತ್ತವೆ. ಅದರ ನಂತರದ ನಾಕೌಟ್ ಪಂದ್ಯಗಳಾದ ಪ್ಲೇಆಫ್ ಮತ್ತು ಫೈನಲ್ ಆದ ಸೂಪರ್ ಬೌಲ್ ಪಂದ್ಯಗಳ ಸಾಧನೆಯನ್ನು ಲೀಗ್ ಬೇರೆಯೇ ಬರೆದಿಡುತ್ತದೆ. ಅಲ್ಲಿ ಬ್ರೇಡಿ ಗಳಿಸಿದ್ದು 13,400 ಗಜ. ಎರಡನ್ನೂ ಕೂಡಿಸಿದರೆ 1,02,614. ನೀವು ಓದಿದ ಲಕ್ಷದ ಅಂಕಿ ಇದೇ. ಮೂನ್ ಅವರ ಎರಡು ಅಂಕಿಗಳ ಹಿಂದೆ ಇರುವುದು ಎರಡು ದೇಶಗಳ ಕಥೆ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಮುಂದೆ ಹೇಳುತ್ತೇನೆ.

ಮೊದಲು ಒಂದು ಗಜ ಖಾತೆಗೆ ಸೇರುವುದು ಹೇಗೆ ಎಂದು ನೋಡೋಣ. ಇದು ತಿಳಿಯದೆ ಉಳಿದದ್ದು ಅರ್ಥವಾಗುವುದಿಲ್ಲ. ಅಳತೆ ಶುರುವಾಗುವುದು ಚೆಂಡು ಇಟ್ಟ ಸ್ಕ್ರಿಮೇಜ್ ಗೆರೆಯಿಂದ. ಕ್ವಾರ್ಟರ್‌ಬ್ಯಾಕ್ ಆ ಗೆರೆಯಿಂದ ಏಳು ಗಜ ಹಿಂದೆ ಸರಿದು, ಗೆರೆಯ ಆಚೆ ಮೂವತ್ತು ಗಜ ದೂರದಲ್ಲಿರುವ ರಿಸೀವರ್‌ಗೆ, ಅಂದರೆ ಚೆಂಡು ಹಿಡಿಯುವವನಿಗೆ, ಎಸೆದರೆ ಚೆಂಡು ಹಾರಿದ್ದು 37 ಗಜವಾದರೂ ಖಾತೆಗೆ ಬರುವುದು 30. ಅದೇ, ಗೆರೆಯಿಂದ ಎರಡೇ ಗಜ ಆಚೆ ನಿಂತವನ ಕೈಗೆ ಚೆಂಡು ಎಸೆದು, ಅವನು ಅಲ್ಲಿಂದ 60 ಗಜ ಓಡಿದರೆ ಎಸೆದವರ ಖಾತೆಗೆ ಪೂರ್ತಿ 62 ಗಜ ಜಮಾ. ಓಡಿದ ಶ್ರಮ ಒಬ್ಬನದು, ಗಜ ಇಬ್ಬರದೂ. ರಕ್ಷಣಾ ಆಟಗಾರ ರಿಸೀವರ್‌ನನ್ನು ತಪ್ಪಾಗಿ ತಡೆದಾಗ ಪೆನಾಲ್ಟಿಯಾಗಿ ಸಿಗುವ ಗಜಗಳು, ಅವು ನಲವತ್ತಿದ್ದರೂ, ಯಾರ ಖಾತೆಗೂ ಸೇರುವುದಿಲ್ಲ. ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್ ಕೆಳಗೆ ಬಿದ್ದರೆ, ಅಂದರೆ ಸ್ಯಾಕ್ ಆದರೆ, ಕಳೆದುಕೊಂಡ ಗಜಗಳನ್ನು ತಂಡದ ಪಾಸಿಂಗ್ ಮೊತ್ತದಿಂದ ಕಳೆಯುತ್ತಾರೆ, ಆಟಗಾರನ ಮೊತ್ತದಿಂದ ಕಳೆಯುವುದಿಲ್ಲ. ಪಂದ್ಯದ ಅಂಕಿಪಟ್ಟಿಯಲ್ಲಿ ತಂಡದ ಗಜಕ್ಕೂ ಕ್ವಾರ್ಟರ್‌ಬ್ಯಾಕ್ ಗಜಕ್ಕೂ ತಾಳೆಯಾಗದೇ ಇರುವುದಕ್ಕೆ ಇದೇ ಕಾರಣ.

ಗಜ ಋಣವೂ ಆಗಬಹುದು. ಗೆರೆಯ ಹಿಂದೆಯೇ ಚೆಂಡು ಹಿಡಿದವನು ಅಲ್ಲೇ ಸಿಕ್ಕಿಬಿದ್ದರೆ ಅಷ್ಟು ಗಜ ಕಡಿತ. ಬ್ರೆಟ್ ಫಾರ್ವ್ ಅವರ ಉದಾಹರಣೆ ನನಗೆ ಬಹಳ ಪ್ರಿಯ. 1991ರಲ್ಲಿ ಅಟ್ಲಾಂಟಾ ತಂಡದಲ್ಲಿದ್ದಾಗ ಅವರು ಎಸೆದದ್ದು ನಾಲ್ಕೇ ಪಾಸ್, ಒಂದೂ ಗುರಿ ಮುಟ್ಟಲಿಲ್ಲ. ಮರುವರ್ಷ ಗ್ರೀನ್ ಬೇ ಸೇರಿ ಟ್ಯಾಂಪಾ ಬೇ ವಿರುದ್ಧ ಆಡುವಾಗ ಅವರು ಎಸೆದ ಚೆಂಡು ಎದುರಾಳಿಯ ಕೈಗೆ ಬಡಿದು ಪುಟಿದು ವಾಪಸ್ ಬಂತು. ಫಾರ್ವ್ ಅದನ್ನು ತಾವೇ ಹಿಡಿದರು, ಹಿಡಿದಲ್ಲೇ ಸಿಕ್ಕಿಬಿದ್ದರು. ಅವರ ವೃತ್ತಿಜೀವನದ ಮೊದಲ ಪೂರ್ಣಗೊಂಡ ಪಾಸ್ ಅದು, ಗಳಿಕೆ ಮೈನಸ್ 7 ಗಜ. ಅಲ್ಲಿಂದ ಆರಂಭವಾದ ಲೆಕ್ಕ 71,838ಕ್ಕೆ ಬಂದು ನಿಂತಿತು. ಬ್ರೇಡಿಯವರದ್ದೂ ಹಾಗೆಯೇ. ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ 2000ದಲ್ಲಿ 199ನೇ ಆಯ್ಕೆಯಾಗಿ ನ್ಯೂ ಇಂಗ್ಲೆಂಡ್ ತಂಡ ಸೇರಿದ ಅವರು ಆ ಇಡೀ ವರ್ಷ ಎಸೆದದ್ದು ಮೂರು ಪಾಸ್, ಪೂರ್ಣಗೊಂಡದ್ದು ಒಂದು, ಗಳಿಸಿದ್ದು 6 ಗಜ.

ಈ ದಾಖಲೆ ಕೈಯಿಂದ ಕೈಗೆ ಬಂದ ಬಗೆಯಲ್ಲೇ ಆಟದ ಚರಿತ್ರೆ ಕಾಣುತ್ತದೆ. 40,000 ಗಜ ದಾಟಿದ ಮೊದಲಿಗರು ಬಾಲ್ಟಿಮೋರ್‌ನ ಜಾನಿ ಯುನೈಟಸ್. 1973ರಲ್ಲಿ ಕೊನೆಯ ಋತು ಆಡಿ ಮುಗಿಸಿದಾಗ ಅವರ ಮೊತ್ತ 40,239. ಅದನ್ನು ಮೀರಿಸಿದ ಫ್ರಾನ್ ಟಾರ್ಕೆಂಟನ್ 1978ರಲ್ಲಿ 47,003ಕ್ಕೆ ಆಟ ಮುಗಿಸಿದರು. 1995ರ ನವೆಂಬರ್‌ನಲ್ಲಿ ಮಯಾಮಿಯ ಡ್ಯಾನ್ ಮರೀನೊ ಅವರನ್ನು ಹಿಂದೆ ಹಾಕಿ ಮುಂದೆ 61,361ರವರೆಗೆ ಹೋದರು. ಮರೀನೊ ದಾಖಲೆ ಹನ್ನೆರಡು ವರ್ಷ ಉಳಿಯಿತು. ಆಮೇಲೆ ಕಟ್ಟೆ ಒಡೆಯಿತು. 2007ರಲ್ಲಿ ಫಾರ್ವ್, 2015ರಲ್ಲಿ ಪೇಟನ್ ಮ್ಯಾನಿಂಗ್, 2018ರಲ್ಲಿ ಡ್ರೂ ಬ್ರೀಸ್, 2021ರಲ್ಲಿ ಬ್ರೇಡಿ. ಹದಿನಾಲ್ಕು ವರ್ಷಗಳಲ್ಲಿ ನಾಲ್ಕು ಬಾರಿ ದಾಖಲೆ ಕೈ ಬದಲಾಯಿಸಿತು.

ಇವುಗಳಲ್ಲಿ ಮ್ಯಾನಿಂಗ್ ಅವರ ದಿನ ಮರೆಯುವಂಥದ್ದಲ್ಲ. 2015ರ ನವೆಂಬರ್ 15, ಡೆನ್ವರ್, ಎದುರಾಳಿ ಕ್ಯಾನ್ಸಸ್ ಸಿಟಿ. ಫಾರ್ವ್ ಅವರನ್ನು ದಾಟಲು ಬೇಕಿದ್ದದ್ದು ಮೂರೇ ಗಜ. ರಾನಿ ಹಿಲ್‌ಮನ್‌ಗೆ ಎಸೆದ ನಾಲ್ಕು ಗಜಗಳ ಒಂದು ಪುಟ್ಟ ಪಾಸಿನಿಂದ ದಾಖಲೆ ಅವರದಾಯಿತು. ತವರಿನ ಪ್ರೇಕ್ಷಕರು ಎದ್ದು ಚಪ್ಪಾಳೆ ತಟ್ಟಿದರು. ಅಲ್ಲಿಂದ ಮುಂದಿನದು ನೋಡಲು ಕಷ್ಟವಾಗುವ ಆಟ. ಇಪ್ಪತ್ತು ಪಾಸ್‌ಗಳಲ್ಲಿ ಐದು ಮಾತ್ರ ಪೂರ್ಣ, 35 ಗಜ, ನಾಲ್ಕು ಇಂಟರ್‌ಸೆಪ್ಷನ್, ಅಂದರೆ ಎದುರಾಳಿ ಹಿಡಿದ ಪಾಸ್. ಎಸೆತದ ಗುಣಮಟ್ಟ ಅಳೆಯುವ ಪಾಸರ್ ರೇಟಿಂಗ್ ಸೊನ್ನೆ. ಮೂರನೇ ಕ್ವಾರ್ಟರ್‌ನಲ್ಲೇ ಅವರನ್ನು ಕೂರಿಸಿ ಬ್ರಾಕ್ ಓಸ್‌ವೈಲರ್ ಅವರನ್ನು ಇಳಿಸಿದರು. ಕುತ್ತಿಗೆಯ ಶಸ್ತ್ರಚಿಕಿತ್ಸೆಗಳಿಂದಾಗಿ 2011ರ ಋತುವನ್ನು ಪೂರ್ತಿ ಕಳೆದುಕೊಂಡು, ಮರಳಿ ಬಂದು, 2013ರಲ್ಲಿ ಒಂದೇ ಋತುವಿನಲ್ಲಿ 5,477 ಗಜ ಗಳಿಸಿದ್ದ ಆಟಗಾರ ಅವರು. 2015ರ ಆ ಋತುವಿನ ಕೊನೆಗೆ ತಂಡ ಸೂಪರ್ ಬೌಲ್ ಗೆದ್ದಿತು, ಮ್ಯಾನಿಂಗ್ 71,940ಕ್ಕೆ ವಿದಾಯ ಹೇಳಿದರು. ಫಾರ್ವ್ ಮೊತ್ತಕ್ಕಿಂತ 102 ಗಜ ಮಾತ್ರ ಹೆಚ್ಚು.

ಬ್ರೀಸ್ ಅವರ ರಾತ್ರಿ ಇದಕ್ಕೆ ಪೂರ್ತಿ ವಿರುದ್ಧ. 2018ರ ಅಕ್ಟೋಬರ್ 8ರಂದು ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ ವಾಷಿಂಗ್ಟನ್ ವಿರುದ್ಧ 201 ಗಜ ಬೇಕಿತ್ತು. ಟ್ರೆಕ್ವಾನ್ ಸ್ಮಿತ್‌ಗೆ ಎಸೆದ 62 ಗಜಗಳ ಟಚ್‌ಡೌನ್ (ಅಂಕ ತರುವ) ಪಾಸಿನಲ್ಲಿ ದಾಖಲೆ ಬಂತು. ಪಂದ್ಯ ನಿಲ್ಲಿಸಿದರು, ಬ್ರೀಸ್ ಬದಿಯಲ್ಲಿ ನಿಂತಿದ್ದ ಹೆಂಡತಿ ಮಕ್ಕಳನ್ನು ಅಪ್ಪಿಕೊಂಡರು. ಅಂದು 29 ಪಾಸ್‌ಗಳಲ್ಲಿ 26 ಪೂರ್ಣ, 363 ಗಜ. 2005ರ ಕೊನೆಯ ದಿನ ಎಸೆಯುವ ಭುಜಕ್ಕೇ ತೀವ್ರ ಪೆಟ್ಟು ಮಾಡಿಕೊಂಡಿದ್ದ ಮನುಷ್ಯ ಇವರು. ಆ ಭುಜ ಮತ್ತೆ ಸರಿಹೋದೀತೇ ಎಂದು ತಂಡಗಳು ಹಿಂದೆ ಮುಂದೆ ನೋಡುತ್ತಿದ್ದಾಗ ನ್ಯೂ ಆರ್ಲಿಯನ್ಸ್ ಕರೆದುಕೊಂಡಿತು. ಒಂದು ಋತುವಿನಲ್ಲಿ 5,000 ಗಜ ದಾಟುವುದನ್ನು ಅವರು ಐದು ಬಾರಿ ಮಾಡಿದರು. ಅವರ ಕೊನೆಯ ಮೊತ್ತ 80,358.

ಬ್ರೇಡಿ ಅದನ್ನು ದಾಟಿದ್ದು 2021ರ ಅಕ್ಟೋಬರ್ 3ರಂದು, ತಾವು ಇಪ್ಪತ್ತು ಋತುಗಳ ಕಾಲ ಆಡಿದ್ದ ಫಾಕ್ಸ್‌ಬರೋ ಮೈದಾನದಲ್ಲಿ, ಆದರೆ ಟ್ಯಾಂಪಾ ಬೇ ಪರವಾಗಿ. ಬೇಕಿದ್ದದ್ದು 68 ಗಜ. ಮೊದಲ ಕ್ವಾರ್ಟರ್‌ನಲ್ಲೇ ಮೈಕ್ ಇವಾನ್ಸ್‌ಗೆ ಎಸೆದ 28 ಗಜಗಳ ಪಾಸಿನಲ್ಲಿ ಕೆಲಸ ಮುಗಿಯಿತು. ಮಳೆಯಲ್ಲಿ ನಡೆದ ಆ ಪಂದ್ಯವನ್ನು ಅವರ ತಂಡ 19–17ರಿಂದ ಗೆದ್ದಿತು.

ಈಗ ವಾರನ್ ಮೂನ್. ಕ್ವಾರ್ಟರ್‌ಬ್ಯಾಕ್‌ಗಳ ಪಟ್ಟಿ ಕೈಗೆ ಬಂದಾಗಲೆಲ್ಲ ನಾನು ಮೊದಲು ಹುಡುಕುವ ಹೆಸರು ಇದು.

1978ರ ಜನವರಿಯಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡಕ್ಕೆ ಕಾಲೇಜು ಫುಟ್‌ಬಾಲಿನ ಪ್ರತಿಷ್ಠಿತ ಪಂದ್ಯ ರೋಸ್ ಬೌಲ್ ಗೆಲ್ಲಿಸಿಕೊಟ್ಟು ಪಂದ್ಯಶ್ರೇಷ್ಠರಾದವರು ಮೂನ್. ಅಂಥ ಆಟಗಾರನಿಗೆ ಎನ್‌ಎಫ್‌ಎಲ್ ತಂಡಗಳು ಮುಗಿಬೀಳಬೇಕಿತ್ತು. ಆದರೆ ಮೂನ್ ಕಪ್ಪು ವರ್ಣೀಯರು. ಕ್ವಾರ್ಟರ್‌ಬ್ಯಾಕ್ ಎಂದರೆ ತಂಡದ ತಲೆ, ಆ ಜಾಗಕ್ಕೆ ಬಿಳಿಯರೇ ಸರಿ ಎಂಬ ನಂಬಿಕೆ ಆ ಕಾಲದಲ್ಲಿ ಲೀಗಿನೊಳಗೆ ಗಟ್ಟಿಯಾಗಿ ಬೇರೂರಿತ್ತು. ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ ಕಪ್ಪು ಹುಡುಗರನ್ನು ರಿಸೀವರ್ ಆಗು, ಡಿಫೆನ್ಸಿವ್ ಬ್ಯಾಕ್ ಆಗು ಎಂದು ಬೇರೆ ಜಾಗಕ್ಕೆ ತಳ್ಳುತ್ತಿದ್ದರು. 1968ರಲ್ಲಿ ಡೆನ್ವರ್ ಪರ ಕ್ವಾರ್ಟರ್‌ಬ್ಯಾಕ್ ಆಗಿ ಚೆನ್ನಾಗಿ ಆಡಿದ ಮಾರ್ಲಿನ್ ಬ್ರಿಸ್ಕೊ ಮರುವರ್ಷವೇ ರಿಸೀವರ್ ಆಗಿ ಆಡಬೇಕಾಯಿತು. ಮೂನ್ ಜಾಗ ಬದಲಿಸಲು ಒಪ್ಪಲಿಲ್ಲ. ಕೆನಡಾದ ಎಡ್ಮಂಟನ್ ತಂಡಕ್ಕೆ ಸಹಿ ಹಾಕಿದರು. ಆ ವರ್ಷದ ಎನ್‌ಎಫ್‌ಎಲ್ ಡ್ರಾಫ್ಟ್‌ನ ಹನ್ನೆರಡು ಸುತ್ತುಗಳಲ್ಲಿ ಅವರ ಹೆಸರು ಒಮ್ಮೆಯೂ ಬರಲಿಲ್ಲ.

ಎಡ್ಮಂಟನ್‌ನಲ್ಲಿ ಅವರ ತಂಡ 1978ರಿಂದ 1982ರವರೆಗೆ ಸತತ ಐದು ಬಾರಿ ಕೆನಡಾ ಲೀಗಿನ ಪಟ್ಟವಾದ ಗ್ರೇ ಕಪ್ ಗೆದ್ದಿತು. ಆರು ಋತುಗಳಲ್ಲಿ ಮೂನ್ ಗಳಿಸಿದ್ದು 21,228 ಗಜ. ಅದಾದ ಮೇಲೆ, 1984ರಲ್ಲಿ, ಎನ್‌ಎಫ್‌ಎಲ್ ತಂಡಗಳು ತಾವಾಗಿಯೇ ಹುಡುಕಿಕೊಂಡು ಬಂದವು. ಅವರು ಹ್ಯೂಸ್ಟನ್ ಸೇರಿದರು. ಆಗ ವಯಸ್ಸು 27. ಅಲ್ಲಿಂದ 2000ದವರೆಗೆ ನಾಲ್ಕು ತಂಡಗಳಿಗೆ ಆಡಿ 49,325 ಗಜ ಕೂಡಿಸಿದರು. ನೀವು ನೋಡಿದ 70,553 ಈ ಎರಡೂ ಸೇರಿದ ಮೊತ್ತ.

ಎನ್‌ಎಫ್‌ಎಲ್ ಕೆನಡಾದ ಗಜಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೆ ಕಾರಣವೂ ಇದೆ. ಕೆನಡಾದ ಆಟ ಬೇರೆ. ಮೂನ್ ಆಡಿದ ಕಾಲಕ್ಕೆ ಅಲ್ಲಿನ ಮೈದಾನ 110 ಗಜ ಉದ್ದ, 65 ಗಜ ಅಗಲ, ಪ್ರತಿ ತಂಡದಲ್ಲಿ ಹನ್ನೆರಡು ಆಟಗಾರರು. ಹತ್ತು ಗಜ ಮುನ್ನಡೆಯಲು ನಾಲ್ಕರ ಬದಲು ಮೂರೇ ಅವಕಾಶ. ಹೀಗಾಗಿ ಅಲ್ಲಿ ಹೆಚ್ಚು ಎಸೆಯಲೇಬೇಕು. ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುವುದು ಟೆಸ್ಟ್ ರನ್‌ಗಳಿಗೆ ರಣಜಿ ರನ್‌ಗಳನ್ನು ಕೂಡಿಸಿದ ಹಾಗೆ. ಲೀಗಿನ ಈ ವಾದವನ್ನು ಒಪ್ಪುತ್ತೇನೆ. ಆದರೂ ನನ್ನ ಮನಸ್ಸು ಒಂದು ಲೆಕ್ಕದ ಬಳಿ ನಿಲ್ಲುತ್ತದೆ. 1994ರ ಋತು ಮುಗಿದಾಗ ಮೂನ್ ಅವರ ಎನ್‌ಎಫ್‌ಎಲ್ ಮೊತ್ತ 37,949. ಟಾರ್ಕೆಂಟನ್ ದಾಖಲೆ 47,003. ನಡುವೆ ಇದ್ದ ಅಂತರ 9,054 ಗಜ. ಎಡ್ಮಂಟನ್‌ನಲ್ಲಿ ಕಳೆದ ಆ ಆರು ವರ್ಷ ಎನ್‌ಎಫ್‌ಎಲ್‌ನಲ್ಲೇ ಆಡಿ, ವರ್ಷಕ್ಕೆ 1,510 ಗಜದಷ್ಟು ಗಳಿಸಿದ್ದರೂ ಸಾಕಿತ್ತು, ಮರೀನೊಗಿಂತ ಮೊದಲೇ ಆ ದಾಖಲೆ ಮೂನ್ ಹೆಸರಿಗೆ ಬರುತ್ತಿತ್ತು. ಹ್ಯೂಸ್ಟನ್‌ನಲ್ಲಿ ಅವರ ಅತಿ ಸಪ್ಪೆಯ ಋತುವಿನಲ್ಲೂ 2,300 ಗಜಕ್ಕಿಂತ ಕಡಿಮೆಯಾದದ್ದಿಲ್ಲ. ಹೀಗಾಗಿ ಇದನ್ನು ಬರೀ ಊಹೆ ಎಂದು ತಳ್ಳಿಹಾಕಲು ನನಗೆ ಆಗುವುದಿಲ್ಲ. 2006ರಲ್ಲಿ, ಮಹಾನ್ ಆಟಗಾರರನ್ನು ಗೌರವಿಸುವ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ಆ ಗೌರವ ಪಡೆದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವರೇ. ಗೌರವ ಬಂತು, ಗಜಗಳು ಬರಲಿಲ್ಲ.

ಎರಡೂ ಲೀಗ್‌ಗಳನ್ನು ಸೇರಿಸುವ ಪಟ್ಟಿಯಲ್ಲಿ ನಿಮಗೆ ಇನ್ನೂ ಎರಡು ಹೆಸರು ಕಾಣುತ್ತವೆ. ಕೆನಡಾದಲ್ಲೇ ಬಹುಕಾಲ ಮಾಂಟ್ರಿಯಲ್ ಪರ ಆಡಿದ ಆಂಥನಿ ಕಾಲ್ವಿಲೊ 79,816 ಗಜ ಗಳಿಸಿ 2013ರಲ್ಲಿ ಆಟ ಮುಗಿಸಿದರು. ಅವರಿಗಿಂತ ಮೊದಲು ಅಲ್ಲಿನ ದಾಖಲೆ ಡೇಮನ್ ಆಲನ್ ಅವರದು, 72,381. ಇಡೀ ವೃತ್ತಿಪರ ಆಟದಲ್ಲಿ ಕಾಲ್ವಿಲೊಗಿಂತ ಹೆಚ್ಚು ಗಜ ಗಳಿಸಿದವರು ಯಾರೂ ಇರಲಿಲ್ಲ, 2020ರಲ್ಲಿ ಬ್ರೀಸ್ ದಾಟುವವರೆಗೆ. ಮೊಮ್ಮಗನನ್ನು ಕೇಳಿ ನೋಡಿ, ಈ ಹೆಸರು ಅವನಿಗೆ ಗೊತ್ತಿರುವ ಸಾಧ್ಯತೆ ಕಡಿಮೆ.

ಹೆಚ್ಚು ಗಜ ಗಳಿಸಿದವರೇ ಅತ್ಯುತ್ತಮರೇ ಎಂಬ ಪ್ರಶ್ನೆಗೆ ನನ್ನ ನೇರ ಉತ್ತರ: ಇಲ್ಲ. ವೃತ್ತಿಜೀವನದ ಒಟ್ಟು ಗಜ ಮುಖ್ಯವಾಗಿ ಅಳೆಯುವುದು ಒಬ್ಬ ಆಟಗಾರನಿಗೆ ಎಷ್ಟು ಕಾಲ ಅವಕಾಶ ಸಿಕ್ಕಿತು, ಯಾವ ಕಾಲದಲ್ಲಿ ಸಿಕ್ಕಿತು ಎಂಬುದನ್ನು. ವಿನ್ನಿ ಟೆಸ್ಟವರ್ಡಿ 21 ಋತು ಆಡಿ 46,233 ಗಜ ಗಳಿಸಿದರು. ನಾಲ್ಕು ಸೂಪರ್ ಬೌಲ್ ಗೆದ್ದ ಜೋ ಮೊಂಟಾನಾ ಅವರ ಮೊತ್ತ 40,551. ಟೆಸ್ಟವರ್ಡಿ ಅವರ ದೀರ್ಘ ದುಡಿಮೆಯ ಬಗ್ಗೆ ನನಗೆ ಗೌರವವಿದೆ, ಆದರೆ ಅವರು ಮೊಂಟಾನಾಗಿಂತ ಮೇಲು ಎಂದು ಯಾರೂ ಹೇಳುವುದಿಲ್ಲ. ಗ್ರೀನ್ ಬೇಗೆ ಐದು ಬಾರಿ ಲೀಗ್ ಪಟ್ಟ ಗೆಲ್ಲಿಸಿಕೊಟ್ಟ ಬಾರ್ಟ್ ಸ್ಟಾರ್ ಅವರದು 24,718 ಮಾತ್ರ. ಮರೀನೊ ಒಂದೂ ಸೂಪರ್ ಬೌಲ್ ಗೆಲ್ಲಲಿಲ್ಲ.

ಇನ್ನೊಂದು ಹೆಸರನ್ನು ಗಮನಿಸಿ: ನಾರ್ಮ್ ವ್ಯಾನ್ ಬ್ರಾಕ್ಲಿನ್. 1951ರ ಸೆಪ್ಟೆಂಬರ್ 28ರಂದು ಲಾಸ್ ಏಂಜಲಿಸ್ ರ‍್ಯಾಮ್ಸ್ ಪರ ಒಂದೇ ಪಂದ್ಯದಲ್ಲಿ 554 ಗಜ ಗಳಿಸಿದರು. ಇಷ್ಟೆಲ್ಲ ದಾಖಲೆಗಳು ಪುಡಿಯಾದ ಮೇಲೂ ಅದು ಹಾಗೇ ನಿಂತಿದೆ. ಆದರೆ ಅವರ ಒಟ್ಟು ಮೊತ್ತ 23,611. ರ‍್ಯಾಮ್ಸ್‌ನಲ್ಲಿ ಬಾಬ್ ವಾಟರ್‌ಫೀಲ್ಡ್ ಜೊತೆ ಜಾಗ ಹಂಚಿಕೊಂಡೇ ಅವರು ಹಲವು ವರ್ಷ ಕಳೆದರು. ಮೊಂಟಾನಾ ಹಿಂದೆ ನಾಲ್ಕು ಋತು ಕಾದ ಸ್ಟೀವ್ ಯಂಗ್ ಅವರದೂ ಇದೇ ಕಥೆ. ಯಂಗ್ ಎಸೆದ ಪ್ರತಿ ಪಾಸಿಗೆ ಸರಾಸರಿ 8 ಗಜ ಬಂತು, ಬ್ರೇಡಿಗೆ 7.4. ಒಟ್ಟು ಮೊತ್ತದಲ್ಲಿ ಯಂಗ್ 33,124ಕ್ಕೇ ನಿಂತರು.

ಕಾಲದ ವ್ಯತ್ಯಾಸವಂತೂ ದೊಡ್ಡದು. ಯುನೈಟಸ್ ಆರಂಭಿಸಿದಾಗ ಋತುವಿಗೆ 12 ಪಂದ್ಯ. 1961ರಿಂದ 14, 1978ರಿಂದ 16, 2021ರಿಂದ 17. ಪಂದ್ಯಗಳ ಸಂಖ್ಯೆಗಿಂತ ನಿಯಮಗಳ ಬದಲಾವಣೆ ಹೆಚ್ಚು ಕೆಲಸ ಮಾಡಿದೆ. 1970ರ ದಶಕದ ಆರಂಭದವರೆಗೆ, ಚೆಂಡು ಗಾಳಿಗೇರುವವರೆಗೂ ರಕ್ಷಣಾ ಆಟಗಾರರು ರಿಸೀವರ್‌ಗಳನ್ನು ಮೈದಾನದುದ್ದಕ್ಕೂ ನೂಕಬಹುದಿತ್ತು, ಗುದ್ದಬಹುದಿತ್ತು. 1978ರಿಂದ ಗೆರೆಯಾಚೆ ಐದು ಗಜದ ನಂತರ ಮುಟ್ಟುವಂತಿಲ್ಲ ಎಂದಾಯಿತು. ಕ್ವಾರ್ಟರ್‌ಬ್ಯಾಕ್ ಅನ್ನು ಕಾಯುವ ಲೈನ್‌ಮನ್‌ಗಳಿಗೆ ಕೈ ಚಾಚಿ, ಅಂಗೈ ಬಿಚ್ಚಿ ತಡೆಯಲು ಅನುಮತಿ ಸಿಕ್ಕಿತು. ಆರೇ ವರ್ಷದಲ್ಲಿ, 1984ರಲ್ಲಿ, ಮರೀನೊ 5,084 ಗಜ ಗಳಿಸಿ ಒಂದು ಋತುವಿನಲ್ಲಿ ಐದು ಸಾವಿರ ದಾಟಿದ ಮೊದಲಿಗರಾದರು. ಐದು ಗಜದ ನಿಯಮವನ್ನು 2004ರಲ್ಲಿ ಲೀಗ್ ಇನ್ನಷ್ಟು ಕಟ್ಟುನಿಟ್ಟಾಗಿ ಜಾರಿಗೆ ತಂದಿತು. 2008ರ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಬಿದ್ದು ಬ್ರೇಡಿ ಇಡೀ ಋತು ಕಳೆದುಕೊಂಡ ನಂತರ ಕ್ವಾರ್ಟರ್‌ಬ್ಯಾಕ್‌ಗಳ ಕಾಲಿಗೆ ರಕ್ಷಣೆ ಹೆಚ್ಚಿತು. ಹೀಗೆ ನೋಡಿದರೆ, ಇವುಗಳಲ್ಲಿ ಯಾವುದೂ ಇಲ್ಲದ 1967ರಲ್ಲಿ, 14 ಪಂದ್ಯಗಳಲ್ಲಿ 4,007 ಗಜ ಗಳಿಸಿದ ಜೋ ನೇಮತ್ ಎಷ್ಟು ದೊಡ್ಡ ಕೆಲಸ ಮಾಡಿದರು ಎಂದು ತಿಳಿಯುತ್ತದೆ. ಅದನ್ನು ಇಂದಿನ 17 ಪಂದ್ಯಗಳಿಗೆ ಹಿಗ್ಗಿಸಿದರೆ ಸುಮಾರು 4,870 ಗಜ.

ಪಂದ್ಯವೊಂದಕ್ಕೆ ಸರಾಸರಿ ತೆಗೆದರೆ ಯುನೈಟಸ್ 191, ಮರೀನೊ 254, ಬ್ರೇಡಿ 266, ಬ್ರೀಸ್ 280. ಅಂದರೆ ದಿನದ ಲೆಕ್ಕದಲ್ಲಿ ಬ್ರೇಡಿಗಿಂತ ಬ್ರೀಸ್ ಮುಂದು. ಮೇಲಿನ ಇಬ್ಬರ ನಡುವೆ 8,856 ಗಜಗಳ ಅಂತರ ಬಂದದ್ದು ಬ್ರೇಡಿ 48 ಪಂದ್ಯ ಹೆಚ್ಚು ಆಡಿದ್ದರಿಂದ. ಇದನ್ನು ಬ್ರೇಡಿಯವರನ್ನು ಕಡಿಮೆ ಮಾಡಲು ಹೇಳುತ್ತಿಲ್ಲ. ಎದುರಾಳಿಗಳು ಪ್ರತಿ ವಾರ ನೆಲಕ್ಕೆ ಕೆಡವಲು ನೋಡುವ ಜಾಗದಲ್ಲಿ 335 ಪಂದ್ಯ ನಿಂತದ್ದೇ ಒಂದು ಮಹಾಸಾಧನೆ.

ಕೊನೆಯ ಪ್ರಶ್ನೆ, ಇದನ್ನು ಯಾರು ಮುರಿಯುತ್ತಾರೆ? ಆರನ್ ರಾಜರ್ಸ್ ಮತ್ತು ಮ್ಯಾಥ್ಯೂ ಸ್ಟ್ಯಾಫರ್ಡ್ 60,000 ದಾಟಿದ್ದಾರೆ, ಆದರೆ ಅವರಿಗೆ ವಯಸ್ಸು ಉಳಿದಿಲ್ಲ. ಎಲ್ಲರ ಕಣ್ಣಿರುವುದು ಪ್ಯಾಟ್ರಿಕ್ ಮಹೋಮ್ಸ್ ಮೇಲೆ. 2024ರ ಋತುವಿನ ಕೊನೆಗೆ, 29ನೇ ವಯಸ್ಸಿನಲ್ಲಿ, ಅವರ ಮೊತ್ತ 32,352. ಅದೇ 29ರ ಋತು ಮುಗಿದಾಗ ಬ್ರೇಡಿ ಬಳಿ ಇದ್ದದ್ದು 21,564. ಹತ್ತು ಸಾವಿರಕ್ಕೂ ಹೆಚ್ಚು ಗಜ ಮುಂದಿದ್ದಾರೆ, ಋತುವಿಗೆ 17 ಪಂದ್ಯಗಳೂ ಸಿಗುತ್ತವೆ. ಆದರೂ ಅಲ್ಲಿಂದ ದಾಖಲೆಗೆ ಇನ್ನೂ 56,863 ಗಜ ಬೇಕು. ವರ್ಷಕ್ಕೆ 4,500ರಂತೆ ಗಳಿಸಿದರೆ ಹದಿಮೂರು ಋತು, ಆಗ ವಯಸ್ಸು 42. ಬ್ರೀಸ್ ಅವರ 80,358 ಮಹೋಮ್ಸ್ ಕೈಗೆಟುಕಬಹುದು ಎಂದು ನನಗೆ ಅನಿಸುತ್ತದೆ. ಬ್ರೇಡಿ ಮೊತ್ತದ ಬಗ್ಗೆ ಅಷ್ಟು ಧೈರ್ಯವಿಲ್ಲ. ಕಾರಣ ಇಷ್ಟೇ: ನಲವತ್ತು ತುಂಬುವಾಗ ಬ್ರೇಡಿ ಖಾತೆಯಲ್ಲಿ ಇದ್ದದ್ದು 61,582 ಗಜ, ಮರೀನೊಗಿಂತ ಇನ್ನೂರು ಚಿಲ್ಲರೆ ಮಾತ್ರ ಹೆಚ್ಚು. ಉಳಿದ 27,632 ಗಜಗಳು ನಲವತ್ತು ತುಂಬಿದ ಮೇಲೆ ಆರು ಋತುಗಳಲ್ಲಿ ಬಂದವು. ಬಾರ್ಟ್ ಸ್ಟಾರ್ ಇಡೀ ಜೀವಮಾನದಲ್ಲಿ ಗಳಿಸಿದ್ದಕ್ಕಿಂತ ಅದು ಸುಮಾರು ಮೂರು ಸಾವಿರ ಹೆಚ್ಚು. 44ರ ಹರೆಯದಲ್ಲಿ 5,316, 45ರಲ್ಲಿ 4,694. ಮಹೋಮ್ಸ್ ಆಗಲಿ, ಇಂದು ಕಾಲೇಜಿನಲ್ಲಿರುವ ಯಾವುದೋ ಹುಡುಗನಾಗಲಿ, ದಾಖಲೆಗೆ ಕೈ ಹಾಕಬೇಕಾದರೆ ಈ ಕೊನೆಯ ಆರು ಋತುಗಳಿಗೆ ಸಾಟಿಯಾದದ್ದನ್ನು ಎಲ್ಲಿಂದಾದರೂ ತರಬೇಕು.